ಚಪ್ಪಲಿ ಬಿಡುವ ಜಾಗ

ನಿಪ್ಪಾಣಿ
೧೨ ಜನವರಿ ೨೦೨೫

ಸಪನಾ, ಜೈಭೀಮ.

ಫೋನಿನಲ್ಲಿ ನಾನು ಬೈಯುತ್ತೇನೆ, ನೀನು ಕಟ್ ಮಾಡುತ್ತೀಯ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ. ಬೇಕಾದರೆ ಹರಿ. ಆದರೆ ಹರಿಯುವ ಮೊದಲು ಓದಿಯೇ ಓದುತ್ತೀಯ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲವೇ ನೀನು.

ನಿನ್ನ ವಾಡೆಯ ವಿಡಿಯೋ ನೋಡಿದೆ. ನಾನಾಗಿ ಹುಡುಕಿದ್ದಲ್ಲ. ಓಣಿಯ ಗಂಗಾ ಫೋನು ಹಿಡಿದುಕೊಂಡು ಓಡಿ ಬಂದಳು. "ಅಕ್ಕಾರ, ನಿಮ್ಮ ಮಗಳು ಸಿನೇಮಾದಾಗ ಬಂದಂಗ ಬಂದಾಳ ನೋಡ್ರಿ!" ಎಲ್ಲರೂ ಬೀಡಿಯ ಮೊರ ಪಕ್ಕಕ್ಕಿಟ್ಟು ಸುತ್ತ ಸೇರಿದರು. ನೌವಾರಿ ಸೀರೆ, ಮೂಗಿಗೆ ನತ್ತು, ಇನಾಮದಾರರ ಅರಮನೆಯಂಥ ವಾಡೆಯ ಪಾವಟಿಗೆ ಮೆಟ್ಟಿಲ ಮೇಲೆ ನೀನು. ಬೆನ್ನ ಹಿಂದೆ ಹೊಸ ಬೋರ್ಡು: ಚಪ್ಪಲಿ ಇಲ್ಲಿ ಬಿಡಿ. ಕೊಲ್ಹಾಪುರದ ಬಸ್ಸಿನಿಂದ ಇಳಿದ ಪ್ರವಾಸಿಗರಿಗೆ ಒಮ್ಮೆ ಮರಾಠಿಯಲ್ಲಿ, ಒಮ್ಮೆ ಕನ್ನಡದಲ್ಲಿ ನೀನು ಹೇಳುತ್ತೀಯ: "ನಮ್ಮ ಹಿರೇರು ಈ ವಾಡೆದ ಮುಂದ ಹಾದು ಹೋಗೂವಾಗ ಪ್ರೀತಿಲೆ ಚಪ್ಪಲಿ ಕೈಯಾಗ ಹಿಡಕೊಂಡು ಹೋಗತಿದ್ರು. ಇದು ನಮ್ಮ ಊರಿನ ಸಂಸ್ಕೃತಿ. ನೀವೂ ಇಲ್ಲೇ ಬಿಡ್ರಿ." ಮಂದಿ ಚಪ್ಪಲಿ ಬಿಟ್ಟು ಚಪ್ಪಾಳೆ ಹೊಡೆದರು.

"ಪ್ರೀತಿಲೆ ಏನ್ರಿ ಅಕ್ಕಾರ?" ಎಂದು ಗಂಗಾ ಕೇಳಿದಳು. ನಾನು ದಾರ ಸುತ್ತುತ್ತಿದ್ದ ಬೀಡಿ ಕೈಯಲ್ಲೇ ಮುರಿಯಿತು.

ಪ್ರೀತಿಯಂತೆ! ನಿನ್ನ ಆಯಿ, ನನ್ನವ್ವ, ಇಂದಿಗೂ ಅಂಗಡಿಗೆ ಹೋಗುವಾಗ ವಾಡೆಯ ತಿರುವು ಬಂತೆಂದರೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿಯುತ್ತಾಳೆ. ಈಗ ಯಾರೂ ಹೇಳುವವರಿಲ್ಲ, ಹೊಡೆಯುವವರಿಲ್ಲ, ಆದರೂ ಕಳಚುತ್ತಾಳೆ. ನಿನ್ನ ಪ್ರೀತಿ ಎಂಥದ್ದೆಂದು ನಿನ್ನ ಮನೆಯಲ್ಲಿ ಕುಳಿತ ಅವಳನ್ನೇ ಕೇಳು. ನಮ್ಮ ಜನ ಚಪ್ಪಲಿ ಹಾಕಿಕೊಂಡು ಆ ದಾರಿ ನಡೆದರೆ ಚಾಬೂಕು ಬೀಳುತ್ತಿತ್ತು. ಆ ಚಾಬೂಕಿಗೆ ಇಂದು ಇನಾಮದಾರರ ಮೊಮ್ಮಗ ಸುರಜ 'ಒಂದು ದಿನ ವಾಡೆಯಲ್ಲಿ' ಎಂದು ಹೆಸರಿಟ್ಟು, ಭಾಕ್ರಿ ಊಟ, ಎತ್ತಿನ ಬಂಡಿಯ ಜೊತೆ ಟಿಕೀಟಿಗೆ ಮಾರುತ್ತಿದ್ದಾನೆ. ಅವನು ಮಾರಲಿ. ನಿನ್ನ ಬಾಯಿ ಯಾಕೆ?

ಕೆಲಸ ಮಾಡಬೇಡ ಎನ್ನುವುದಿಲ್ಲ. ಆ ಸಾಲು ಬಿಡು. ಸಾಲು ಬಿಡಲು ಆಗದಿದ್ದರೆ ಕೆಲಸ ಬಿಡು.

ಇನ್ನೊಂದು ಸುದ್ದಿ. ಮಾರ್ಚಿನಲ್ಲಿ ನಮ್ಮ ಬೀಡಿ ಕಾರ್ಮಿಕರ ಸಂಘಟನೆ ನನ್ನನ್ನು ಮೆಕ್ಸಿಕೊ ದೇಶಕ್ಕೆ ಕಳಿಸುತ್ತಿದೆ. ಮನೆಯಲ್ಲೇ ಕುಳಿತು ದುಡಿಯುವ ಹೆಣ್ಣುಮಕ್ಕಳ ಸಮಾವೇಶವಂತೆ, ಜಗತ್ತಿನವರೆಲ್ಲ ಸೇರುತ್ತಾರಂತೆ. ಪಾಸ್‌ಪೋರ್ಟಿನ ಸಾಲಿನಲ್ಲಿ ಒಬ್ಬ ಸಾಹೇಬ ಕೇಳಿದ: "ಅಲ್ಲಿ ಹೋಗಿ ಬೀಡಿ ಕಟ್ಟತೀಯೇನ ಬೇ?" "ಇಲ್ರಿ, ಬೀಡಿ ಸೇದೋರಿಗೆ ಕಟ್ಟೋರು ಯಾರಂತ ಹೇಳಾಕ ಹೊಂಟೀನಿ" ಎಂದೆ.

ನಿನ್ನ ಅವ್ವ,
ಸುಗಂಧಾ

•

ಕರಿಸಿದ್ದನವಾಡಿ, ರಾಯಬಾಗ ತಾಲೂಕು
೨ ಫೆಬ್ರುವರಿ ೨೦೨೫

ಅವ್ವ, ಜೈಭೀಮ.

ಹರಿಯಲಿಲ್ಲ. ಓದಿ, ಸಿಟ್ಟಿನಿಂದ ಅಕ್ಕಿ ಡಬ್ಬಿಯಲ್ಲಿ ಒಗೆದು, ಮತ್ತೆ ತೆಗೆದು ಓದಿದೆ.

ನೀನೇ ಹೇಳಿದ್ದಿ: ಮೊರ ಮುಟ್ಟಬೇಡ, ತಂಬಾಕಿನ ಘಾಟು ನನ್ನ ಎದೆಗೇ ಸಾಕು, ನೀನು ಓದು. ಚಿಕ್ಕೋಡಿಗೆ ಬಸ್ಸಿನಲ್ಲಿ ನೇತಾಡುತ್ತ ಹೋಗಿ ಬಿ.ಎ. ಮುಗಿಸಿದೆ. ಮುಗಿಸಿ ಬಂದರೆ ಈ ಊರಿನಲ್ಲಿ ಏನಿದೆ? ಕಬ್ಬು ಕಡಿಯುವ ಗ್ಯಾಂಗು. ನನಗೆ ಇರುವುದು ಮೂರು ಭಾಷೆಯ ಬಾಯಿ. ಆ ಬಾಯಿಗೆ ಕೆಲಸ ಕೊಟ್ಟದ್ದು ವಾಡೆ ಒಂದೇ.

ನಮ್ಮ ಓಣಿಯಿಂದ ಆ ತಲಬಾಗಿಲಿನಲ್ಲಿ ನೆಟ್ಟಗೆ ಒಳಗೆ ಹೋದವಳು ನಾನೇ ಮೊದಲು. ಮಜ್ಜಿಗೆಗೆ ನಿಲ್ಲುವ ಹಿತ್ತಿಲ ಬಾಗಿಲಿನಿಂದ ಅಲ್ಲ, ತಲಬಾಗಿಲಿನಿಂದ. ನಡುಮನೆಯ ತೂಗುಮಂಚ ಮುಟ್ಟಿ "ಇದು ಸಾಗವಾನಿ" ಎಂದು ಹೇಳುವವಳು ನಾನು. ಊರೆಲ್ಲ ಸರಕಾರ ಎಂದು ಕರೆಯುವ ಸುರಜ ನನಗೆ "ಸಪನಾ ಮ್ಯಾಡಮ್" ಎನ್ನುತ್ತಾರೆ. ಇದು ಏನೂ ಅಲ್ಲವೇ? ಇದು ನಿನ್ನ ಮೋರ್ಚಾ ಅಲ್ಲವೇ?

ಆ ಸಾಲು ನಾನು ಬರೆದದ್ದಲ್ಲ. ಬರೆದು ಕೊಟ್ಟರು, ಬಾಯಿಪಾಠ ಮಾಡಿದೆ. ಹೇಳುವಾಗ ಆಯಿಯ ಮುಖ ಕಣ್ಣ ಮುಂದೆ ಬರುತ್ತದೆ ಎಂದು ನಿನಗೆ ಹೇಳಬೇಕೆಂದಿದ್ದೆ. ನೀನು ಫೋನಿನಲ್ಲಿ "ಗುಲಾಮಗಿತ್ತಿ" ಎಂದೆ. ಕಟ್ ಮಾಡಿದೆ.

ನೀನು ಘೋಷಣೆ ಕೂಗುವಾಗ ಹಿಂದೆ ಸಾವಿರ ಹೆಣ್ಣುಮಕ್ಕಳು ಕೂಗುತ್ತಾರೆ. ಕೂಗಿ ನಿಪ್ಪಾಣಿಯ ನಿನ್ನ ಖೋಲಿಗೆ ಹೋಗಿ ಮಲಗುತ್ತಿ. ನಾನು ಇದೇ ಊರಿನ ಗಿರಣಿಗೆ ಹೋಗಬೇಕು, ಇದೇ ನಳದಲ್ಲಿ ನೀರು ಹಿಡಿಯಬೇಕು. ಆಯಿಯನ್ನು ಕೇಳು ಎಂದೆಯಲ್ಲ, ಕೇಳಿದೆ. "ಬಾಯಿ ಮುಚಗೊಂಡು ಮಾಡಿಕೋತ ಹೋಗ ಬೇ. ನಿಮ್ಮವ್ವ ಊರ ಬಿಟ್ಟಾಕಿ, ಅಕಿಗೇನು?" ಎಂದಳು.

ಮೆಕ್ಸಿಕೊಕ್ಕೆ ಹುಷಾರಾಗಿ ಹೋಗು. ಸ್ವೆಟರ್ ಒಯ್ಯಿ.

ಸಪನಾ

•

ಮೆಕ್ಸಿಕೊ ಸಿಟಿ
೧೦ ಮಾರ್ಚ್ ೨೦೨೫

ಸಪನಾ, ಜೈಭೀಮ.

ಇಲ್ಲಿಂದ ಅಂಚೆಗೆ ಹಾಕಿದರೆ ಪತ್ರಕ್ಕಿಂತ ಮೊದಲು ನಾನೇ ಊರು ಮುಟ್ಟುತ್ತೇನಂತೆ. ಬರೆದಿಟ್ಟುಕೊಂಡು ಬಂದು ನಿಪ್ಪಾಣಿಯ ಡಬ್ಬಿಗೆ ಹಾಕುತ್ತೇನೆ. ಈಗಲೇ ಬರೆಯದಿದ್ದರೆ ನನ್ನ ಸಿಟ್ಟು ತಣ್ಣಗಾದೀತು. ಅದು ತಣ್ಣಗಾಗಬಾರದು.

ಸಮಾವೇಶ ಮುಗಿಯಿತು. ಮಾತಾಡಿದೆ. ನಾನು ಮರಾಠಿಯಲ್ಲಿ ಹೇಳಿದ್ದನ್ನು ಪುಣೆಯ ಸರಿತಾ ಇಂಗ್ಲಿಷಿಗೆ ಮಾಡಿದಳು. ನಿನ್ನೆ ನಮ್ಮನ್ನೆಲ್ಲ ಒಂದು ದಿನದ ಪ್ರವಾಸಕ್ಕೆ ಕರೆದುಕೊಂಡು ಹೋದರು. ಸ್ಪೇನಿನವರು ಸಮುದ್ರ ದಾಟಿ ಬಂದು ಈ ದೇಶವನ್ನು ಗೆದ್ದು ಕಟ್ಟಿದ ಹಳೆಯ ಊರುಗಳು. ಒಂದು ವ್ಯಾನು, ಜೊತೆಗೆ ಊರು ತೋರಿಸುವ ಹೆಣ್ಣುಮಗಳು, ಹೆಸರು ಲೂಪೆ. ನನ್ನ ಹಾಗೆ ಕಪ್ಪು, ಕುಳ್ಳಿ, ಜಡೆ. ಮೈಕು ಹಿಡಿದು ನಗುತ್ತ ಮಾತಾಡುತ್ತಾಳೆ, ಸರಿತಾ ಅದನ್ನು ನನಗೆ ಮರಾಠಿಗೆ ಮಾಡುತ್ತಾಳೆ. ನೋಡಿದಾಗಲೆಲ್ಲ ನೀನೇ ಕಂಡೆ. ಅದಕ್ಕೇ ಮೊದಲಿನಿಂದಲೂ ಅವಳ ಮೇಲೆ ಮುನಿಸು.

ಮೊದಲು ಕ್ವೆರ್ನವಾಕಾ. ಗೆದ್ದ ದಳಪತಿಯ ಅರಮನೆ. ಅಲ್ಲಿ ಮೊದಲು ಇದ್ದವರ ಕಟ್ಟಡವನ್ನು ಕೆಡವಿ, ಅದರ ಮೇಲೆಯೇ ಕಟ್ಟಿದ್ದು. ಕೆಳಗೆ ಹಳೆಯ ಕಲ್ಲು ಇಂದಿಗೂ ಕಾಣುತ್ತದೆ. ಮಂದಿ ಮೇಲಿನ ಕಮಾನಿನ ಫೋಟೋ ತೆಗೆದರು. ನಾನು ಕೆಳಗಿನ ಕಲ್ಲು ಮುಟ್ಟಿ ಬಂದೆ. ದಾರಿಯಲ್ಲಿ ಮೆಕ್ಕೆಜೋಳದ ರೊಟ್ಟಿ, ಮೆಣಸಿನಕಾಯಿ ಚಟ್ನಿ. ರೊಟ್ಟಿ ನಮ್ಮದರಷ್ಟು ದೊಡ್ಡದಲ್ಲ. ಖಾರಕ್ಕೆ ಮಾತ್ರ ಹೆಸರಿಡುವ ಹಾಗಿಲ್ಲ.

ಆಮೇಲೆ ತಾಸ್ಕೊ. ಗುಡ್ಡಕ್ಕೆ ಅಂಟಿಕೊಂಡ ಬಿಳಿ ಮನೆಗಳ ಊರು. ಕಲ್ಲು ಹಾಸಿದ ಏರುದಾರಿ, ಎರಡೂ ಕಡೆ ಬೆಳ್ಳಿ ಅಂಗಡಿ. ಗುಡ್ಡದ ಹೊಟ್ಟೆಯಲ್ಲಿ ಬೆಳ್ಳಿ ಇತ್ತು. ಚೌಕದಲ್ಲಿ ಗುಲಾಬಿ ಕಲ್ಲಿನ ಚರ್ಚು, ಒಳಗೆಲ್ಲ ಬಂಗಾರದ ಲೇಪ. ಪಕ್ಕದಲ್ಲಿ ಗಣಿ ಮಾಲೀಕನ ದೊಡ್ಡ ಮನೆ. ಲೂಪೆ ಮೈಕಿನಲ್ಲಿ ಹೇಳಿದಳು: "ದೇವರು ಅವನಿಗೆ ಕೊಟ್ಟ, ಅವನು ದೇವರಿಗೆ ಕೊಟ್ಟ. ಹೀಗೆ ಈ ಚರ್ಚು ಎದ್ದಿತು." ದೇವರಿಂದ ಅವನಿಗೆ, ಅವನಿಂದ ದೇವರಿಗೆ. ನಡುವೆ ಗುಡ್ಡದೊಳಗೆ ಹೊಕ್ಕು ಸತ್ತವರು ಆ ಮಾತಿನಲ್ಲಿ ಎಲ್ಲಿಯೂ ಇರಲಿಲ್ಲ.

ಈಗ ನಡೆದದ್ದನ್ನು ಕೇಳು. ಆ ದೊಡ್ಡ ಮನೆಯ ಬಾಗಿಲಿನತ್ತ ನಡೆಯುತ್ತಿದ್ದೆವು. ಕಮಾನು, ದಪ್ಪ ಮರದ ಕದ, ಕದಕ್ಕೆ ಕಬ್ಬಿಣದ ಗುಬ್ಬಿ ಮೊಳೆ. ಥೇಟ್ ನಮ್ಮೂರಿನ ವಾಡೆ. ಸರಿತಾ ನನ್ನ ತೋಳು ಹಿಡಿದಳು. "ತಾಈ, ಚಪ್ಪಲ ಕಾ ಕಾಢಲೀ?" ಚಪ್ಪಲಿ ಯಾಕೆ ಕಳಚಿದಿರಿ?

ನೋಡಿದೆ. ಚಪ್ಪಲಿ ನನ್ನ ಎಡಗೈಯಲ್ಲಿ. ಬಲಗೈ ತಲೆಯ ಮೇಲಿನ ಸೆರಗು ಹಿಡಿದಿದೆ. ನಾನು ರಸ್ತೆಯ ನಡುವಿನಿಂದ ಸರಿದು ಅಂಚಿಗೆ ಬಂದು ನಡೆಯುತ್ತಿದ್ದೇನೆ. ಯಾವಾಗ ಕಳಚಿದೆ, ಯಾವಾಗ ಸರಿದೆ, ನನಗೇ ಗೊತ್ತಿಲ್ಲ. ಕಲೆಕ್ಟರ್ ಕಚೇರಿಗೆ ಮುತ್ತಿಗೆ ಹಾಕಿದ ಕಾಲು ಇದು. ತಂಬಾಕಿನ ವಖಾರಿಯ ಮಾಲೀಕನ ಮೇಜು ಗುದ್ದಿದ ಕೈ ಇದು. ಏಳು ಸಮುದ್ರದ ಆಚೆ ಯಾವನೋ ಸತ್ತ ಧನಿಯ ಬಾಗಿಲಿಗೆ ನನ್ನನ್ನು ಕೇಳದೆ ಬಗ್ಗಿದವು.

ಅದಕ್ಕಿಂತ ಮುಂದಿನದು ಕೆಟ್ಟದ್ದು. ಲೂಪೆಗೆ ಖುಷಿಯಾಯಿತು. ಮೈಕು ಎತ್ತಿ ಎಲ್ಲರಿಗೂ ಹೇಳಿದಳು: "ನೋಡಿ, ಭಾರತದವರು ದೊಡ್ಡವರ ಮನೆಗೆ ಹೀಗೆ ಗೌರವ ಕೊಡುತ್ತಾರೆ. ಎಷ್ಟು ಚೆಂದ!" ಯಾರೋ ಫೋಟೋ ತೆಗೆದರು. ಬ್ರೆಜಿಲಿನಿಂದ ಬಂದ ಮುದುಕಿ ಪಾಪ, ತಾನೂ ಬಗ್ಗಿ ಬೂಟಿನ ಲಾಡಿ ಬಿಚ್ಚತೊಡಗಿದಳು.

ಸಪನಾ, ನನ್ನ ಕಣ್ಣೆದುರಿಗೇ, ಗೋಣು ತಿರುಗಿಸುವಷ್ಟರಲ್ಲಿ, ಚಾಬೂಕು ಸಂಸ್ಕೃತಿಯಾಗಿಬಿಟ್ಟಿತು. ನಿನ್ನ ಆ ಸಾಲು ಎಲ್ಲಿ ಹುಟ್ಟುತ್ತದೆ ಎಂದು ಅಲ್ಲಿ ನಿಂತು ನೋಡಿದೆ.

"ಬ್ಯಾಡ್ರೇ! ಬಿಚ್ಚಬ್ಯಾಡ್ರಿ! ಕಾಲಾಗ ಹಾಕ್ಕೋರಿ!" ಎಂದು ಒದರಿದೆ. ಕನ್ನಡದಲ್ಲಿ. ಆ ಚೌಕದಲ್ಲಿ ಯಾರಿಗೂ ಕನ್ನಡ ಬರುವುದಿಲ್ಲ, ಆದರೂ ಮುದುಕಿಯ ಕೈ ನಿಂತಿತು. ಚಪ್ಪಲಿ ಕೆಳಗೆ ಒಗೆದು ಹಾಕಿಕೊಂಡೆ. ಯಾಕೆ ಕಳಚಿದೆ ಎಂದು ಮರಾಠಿಯಲ್ಲಿ ಹೇಳಿದೆ, ಸರಿತಾ ಇಂಗ್ಲಿಷಿನಲ್ಲಿ ಹೇಳಿದಳು, ಲೂಪೆ ತನ್ನ ಭಾಷೆಯಲ್ಲಿ ಹೇಳಿದಳು. ಮೂರು ಭಾಷೆ ದಾಟಿದರೂ ಸಿಟ್ಟು ಕರಗಲಿಲ್ಲ. ಆಮೇಲೆ ಆ ಕಮಾನಿನ ಕೆಳಗೆ, ನಡುಮಧ್ಯೆ, ಚಪ್ಪಲಿ ಟಪ್ ಟಪ್ ಎನಿಸುತ್ತ ಒಳಗೆ ನಡೆದೆ.

ಮರಳಿ ವ್ಯಾನು ಹತ್ತಿದ ಮೇಲೆ ಲೂಪೆ ಬಾಗಿಲು ಎಳೆದುಕೊಂಡು ಮೈಕು ಕೆಳಗಿಟ್ಟಳು. ಅವಳ ಅಜ್ಜಿಯ ಊರು ದಕ್ಷಿಣದ ಚಿಯಾಪಾಸ್ ಪ್ರಾಂತ್ಯದಲ್ಲಂತೆ. ಅಲ್ಲಿ ಅವಳ ಜನ ರಸ್ತೆ ಬದಿಯ ಕಟ್ಟೆಯ ಮೇಲೆ ನಡೆಯುವ ಹಾಗಿರಲಿಲ್ಲ. ಎದುರಿಗೆ ಸ್ಪೇನ್ ವಂಶದವರು ಬಂದರೆ ಕೆಳಗಿಳಿದು ಗಟಾರದ ಬದಿ ನಿಲ್ಲಬೇಕಿತ್ತು. ಗುಡ್ಡದೊಳಗೆ ಬೆಳ್ಳಿ ಅಗೆಯಲು ಯಾರನ್ನು ಹಿಡಿದು ತಂದರು ಎನ್ನುವುದನ್ನೂ ಹೇಳಿದಳು. "ಇದನ್ನು ನಾನು ಬಾಗಿಲು ಹಾಕಿದ ಮೇಲೆ ಮಾತ್ರ ಹೇಳುತ್ತೇನೆ" ಎಂದಳು.

"ಬಾಗಲಾ ತಗದ ಹೇಳವಾ" ಎಂದೆ, ಅದೇ ಬಿರುಸಿನಲ್ಲಿ. ಮತ್ತೆ ಮರಾಠಿಯಲ್ಲಿ ಹೇಳಿದೆ, ಸರಿತಾ ಮುಟ್ಟಿಸಿದಳು.

ಅವಳು ನಗಲಿಲ್ಲ. "ನೀವು ನಾಳೆ ವಿಮಾನ ಹತ್ತುತ್ತೀರಿ. ನಾಳೆ ನಾನು ಮತ್ತೆ ಇದೇ ಬಾಗಿಲಿಗೆ ಬರಬೇಕು" ಎಂದಳು.

ನಿನ್ನ ಪತ್ರ ನನ್ನ ಚೀಲದಲ್ಲೇ ಇತ್ತು. ಇದೇ ಗಿರಣಿ, ಇದೇ ನಳ ಎಂದು ನೀನು ಬರೆದದ್ದು.

ಆ ಸಾಲು ಸುಳ್ಳೇ. ಅದರಲ್ಲಿ ಒಂದು ಅಕ್ಷರ ಬಿಟ್ಟುಕೊಡುವುದಿಲ್ಲ. ಆದರೆ ನಿನ್ನನ್ನು ಒಬ್ಬಳೇ ನಿಂತು ಖರೆ ಹೇಳು ಎನ್ನುವುದು ಸಂಘಟನೆಯ ರೀತಿಯಲ್ಲ. ಇಷ್ಟು ವರ್ಷದ ಹೋರಾಟದಲ್ಲಿ ನಾನು ಒಂದು ದಿನವೂ ಒಬ್ಬಳೇ ನಿಂತಿಲ್ಲ. ನೀನೂ ನಿಲ್ಲಬೇಡ. ಏನು ಮಾಡುತ್ತೀಯೋ ಬರೆ.

ಅವ್ವ,
ಸುಗಂಧಾ

•

ಕರಿಸಿದ್ದನವಾಡಿ
೨೧ ಏಪ್ರಿಲ್ ೨೦೨೫

ಅವ್ವ, ಜೈಭೀಮ.

ನಿನ್ನ ಪತ್ರವನ್ನು ಆಯಿಗೆ ಓದಿ ಹೇಳಿದೆ. ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. "ವಿಮಾನ ಹತ್ತಿ ಹೋಗಿ ಚಪ್ಪಲಿ ಕೈಯಾಗ ಹಿಡದಾಳ? ನನ್ನ ಮಗಳು ಖರೆ ಬಿಡು!" ಆಮೇಲೆ ಒಲೆಯ ಬೂದಿ ಕೆದರುತ್ತ ಹೇಳಿದಳು:

"ನಿಮ್ಮವ್ವನ್ನ ಸಾಲಿಗಿ ಹಚ್ಚಿದ ದಿನ. ನಿಮ್ಮಜ್ಜ ಸಂತ್ಯಾಗ ಕೆಂಪ ಚಪ್ಪಲಿ ತಂದಿದ್ದ. ಅಕಿ ಕುಣಕೋತ ವಾಡೆದ ಮುಂದ ಹೊಂಟಳು. ಓಡಿ ಹೋಗಿ ಕಸಗೊಂಡು, ಅದ ಚಪ್ಪಲಿಲೆ ಬೆನ್ನಿಗೆ ಬಾರಿಸಿದೆ. ಅವರ ಕೈಕಿಂತ ನನ್ನ ಕೈ ಮೆತ್ತಗ ಅಲ್ಲೇನ? ಜಲ್ಮದಾಗ ಮರೀಬಾರದು ಅಂತ ಹೊಡದೆ. ಮರ್ತಿಲ್ಲ ನೋಡು."

ನಿನಗೆ ಇದು ನೆನಪಿದೆಯೋ ಇಲ್ಲವೋ. ನಿನ್ನ ಕಾಲಿಗೆ ನೆನಪಿದೆ.

ಅದರ ಮುಂದಿನ ಭಾನುವಾರ ಬಸ್ಸು ಬಂತು. ನತ್ತು ಹಾಕಿಕೊಂಡು ಪಾವಟಿಗೆಯ ಮೇಲೆ ನಿಂತೆ. ಸಾಲು ಬಾಯಿಗೆ ಬಂತು, ಹೊರಗೆ ಬರಲಿಲ್ಲ. "ಈ ಬೋರ್ಡು ಹೊಸಾದ್ರಿ, ರೂಢಿ ಹಳೇದು. ಪ್ರೀತಿಲೆ ಯಾರೂ ಬಿಡತಿರಲಿಲ್ಲ. ಹಾಕ್ಕೊಂಡು ಹೋದ್ರ ಚಾಬೂಕಿಲೆ ಹೊಡೀತಿದ್ರು. ಹೊಡಿಸಿಕೊಂಡೋರ ಮೊಮ್ಮಗಳು ನಾನು" ಎಂದೆ. ಮರಾಠಿಯಲ್ಲಿಯೂ ಹೇಳಿದೆ.

ಬಸ್ಸಿನ ಒಬ್ಬ ಮುದುಕ ಆಜೋಬಾ ಗಡಿಯಾರ ನೋಡಿ "ಜೇವಣ ಕಧೀ ಆಹೇ, ಬಾಳಾ?" ಎಂದ. ಊಟ ಯಾವಾಗ ಎಂದು! ಅವನ ಪಕ್ಕದ ಹೆಣ್ಣುಮಗಳು ಹೋಗಿ ರಾಶಿಯಿಂದ ತನ್ನ ಚಪ್ಪಲಿ ಹುಡುಕಿ ಹಾಕಿಕೊಂಡಳು.

ಸುರಜ ಸರಕಾರ ಒಳಗೆ ಕರೆದರು. "ಸಪನಾ ಮ್ಯಾಡಮ್, ಮಂದಿ ಭಾಕ್ರಿ ಉಣ್ಣಾಕ ಬರತಾರ, ಬೈಸಿಕೊಳ್ಳಾಕ ಅಲ್ಲ."

"ಬೈದಿಲ್ರಿ. ಹೇಳೀನಿ."

"ನಾನೇನ ಯಾರಿಗರೆ ಹೊಡದೀನೇನು?"

"ನೀವು ಹೊಡದಿಲ್ರಿ ಸರಕಾರ. ಬೋರ್ಡ ಹಾಕೀರಿ."

ನಾಳೆಯಿಂದ ಬರಬೇಡ ಎಂದರು. ನೌವಾರಿ ಸೀರೆ ಬದಲಿಸಿ, ನತ್ತು ಬಿಚ್ಚಿ, ತೂಗುಮಂಚದ ಮೇಲೆ ಇಟ್ಟು ಬಂದೆ. ಬಂದದ್ದು ತಲಬಾಗಿಲಿನಿಂದಲೇ.

ವಾಡೆ ಅವರದು. ಮುಂದಿನ ರಸ್ತೆ ಪಂಚಾಯ್ತಿಯದು. ಮೇ ನಾಲ್ಕು, ಭಾನುವಾರ, ಬಸ್ಸು ಬರುವ ಹೊತ್ತಿಗೆ ನಾನು ಆ ರಸ್ತೆಯಲ್ಲಿ ನಿಲ್ಲುತ್ತೇನೆ. ಟಿಕೀಟಿಲ್ಲದ ಪ್ರವಾಸ. ಒಬ್ಬಳೇ ನಿಲ್ಲಬೇಡ ಎಂದು ಬರೆದಿದ್ದಿ. ಬರೆದವಳು ಬರಬೇಕು.

ಸಪನಾ

•

ನಿಪ್ಪಾಣಿ
೨೬ ಏಪ್ರಿಲ್ ೨೦೨೫

ಸಪನಾ, ಜೈಭೀಮ.

ಕೆಂಪು ಚಪ್ಪಲಿ ನೆನಪಿರಲಿಲ್ಲ. ಈಗ ನೆನಪಾಗಿದೆ. ಅದರ ಮಾತು ಬೇರೆ ದಿನ.

ಬರುತ್ತೇವೆ. ಗಂಗಾ ಎರಡು ಟೆಂಪೋ ಹೇಳಿದ್ದಾಳೆ. ಅಕ್ಕೋಳದ ಹೆಣ್ಣುಮಕ್ಕಳು ದಾರಿಯಲ್ಲಿ ಹತ್ತುತ್ತಾರೆ. ಸಭೆಯಲ್ಲಿ ನಿಯಮ ಮಾಡಿದ್ದೇವೆ: ಯಾರೂ ಕಲ್ಲೆತ್ತಬಾರದು. ಯಾರೂ ಚಪ್ಪಲಿ ಎಸೆಯಬಾರದು. ಚಪ್ಪಲಿ ಇರುವುದು ಕಾಲಿಗೆ.

ಆಯಿಗೆ ಬಾ ಎಂದು ಒತ್ತಾಯ ಮಾಡಬೇಡ. ಅವಳ ಕಾಲು ಅವಳದು.

ಅವ್ವ

•

ನಿಪ್ಪಾಣಿ
೮ ಮೇ ೨೦೨೫

ಲೂಪೆಬಾಯಿ, ಜೈಭೀಮ. ಇದು ನಮ್ಮ ನಮಸ್ಕಾರ.

ನಾನು ನಿಪ್ಪಾಣಿಯ ಸುಗಂಧಾ. ನಿನ್ನ ಚೌಕದಲ್ಲಿ ಒದರಿದವಳು. ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊನ್ನೆ ಭಾನುವಾರ ನಡೆದದ್ದನ್ನು ಇದರಲ್ಲಿ ಬಿಟ್ಟು ಬೇರೆ ಭಾಷೆಯಲ್ಲಿ ಹೇಳಲು ನನಗೆ ಬಾರದು. ಸರಿತಾಗೆ ಮರಾಠಿಯಲ್ಲಿ ಓದಿ ಹೇಳುತ್ತೇನೆ. ಮುಂದೆ ನಿನ್ನ ತನಕ ಮುಟ್ಟಿಸುವುದು ಅವಳ ಪಾಲು.

ನನ್ನ ಮಗಳು ಸಪನಾ, ನಿನ್ನ ಹಾಗೆ ಊರು ತೋರಿಸುವವಳು, ನಮ್ಮೂರಿನ ಧನಿಯ ವಾಡೆಯ ಮುಂದೆ, ರಸ್ತೆಯಲ್ಲಿ ನಿಂತಳು. ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು. ನಾವೆಲ್ಲ ಬೀಡಿ ಕಟ್ಟುವ ಹೆಣ್ಣುಮಕ್ಕಳು, ಊರಿನ ಓಣಿಯವರು, ಚಪ್ಪಲಿ ಹಾಕಿಕೊಂಡು ವಾಡೆಯ ಈ ತುದಿಯಿಂದ ಆ ತುದಿಗೆ ನಡೆದೆವು, ಮರಳಿ ನಡೆದೆವು. ಘೋಷಣೆ ಇಲ್ಲ. ಬರೀ ಚಪ್ಪಲಿ ಸಪ್ಪಳ. ಬಸ್ಸಿನಿಂದ ಇಳಿದವರಲ್ಲಿ ಕೆಲವರು ಊಟಕ್ಕೆ ಒಳಗೆ ಹೋದರು, ಕೆಲವರು ನಮ್ಮ ಹತ್ತಿರ ನಿಂತು ಕೇಳಿದರು. ಸಪನಾ ಎಲ್ಲ ಹೇಳಿದಳು. ಚಾಬೂಕು, ಹಿತ್ತಿಲ ಬಾಗಿಲು, ನನ್ನ ಕೆಂಪು ಚಪ್ಪಲಿ. ಮಹಡಿಯ ಮೇಲಿಂದ ಸುರಜ ಫೋನಿನಲ್ಲಿ ನಮ್ಮ ವಿಡಿಯೋ ತೆಗೆಯುತ್ತಿದ್ದ. ತೆಗೆಯಲಿ. ಈ ವಿಡಿಯೋದಲ್ಲಿ ಸುಳ್ಳಿರುವುದಿಲ್ಲ.

ಆಗ ತಿರುವಿನಲ್ಲಿ ನನ್ನವ್ವ ಭೀಮಾಬಾಯಿ ಕಾಣಿಸಿದಳು. ಯಾರೂ ಕರೆದಿರಲಿಲ್ಲ. ಕೋಲು ಊರುತ್ತ, ರಸ್ತೆಯ ಅಂಚಿನಲ್ಲಿ, ಬರಿಗಾಲಿನಲ್ಲಿ. ಚಪ್ಪಲಿ ಕೈಯಲ್ಲಿ.

"ಆಯೀ, ಹಾಕ್ಕೋ ಬೇ! ಕಾಲ ಸುಡತಾವ!" ಎಂದು ಸಪನಾ ಕೂಗಿದಳು.

ಅವಳು ಕೇಳಿಸಿಕೊಳ್ಳಲಿಲ್ಲ. ನಮ್ಮೆಲ್ಲರ ಕಾಲು ನಿಂತವು. ನಾನು ಬಾಯಿ ಬಿಡಲಿಲ್ಲ. ಹಾಕಿಕೋ ಎಂದು ಹುಕುಂ ಮಾಡಿದರೆ ಅದೂ ಇನ್ನೊಂದು ಹುಕುಮೇ. ವಾಡೆಯ ನಡುಮಧ್ಯಕ್ಕೆ ಬಂದಳು. ಪಾವಟಿಗೆ ಹತ್ತಿದಳು. ಬೋರ್ಡಿನ ಕೆಳಗೆ, ಕಲ್ಲಿನ ಮೇಲೆ, ಉಸ್ಸೆಂದು ಕುಳಿತಳು. ಚಪ್ಪಲಿ ಎದುರಿಗೆ ಇಟ್ಟುಕೊಂಡಳು.

ಕಾವಲುಗಾರ ತವನಪ್ಪ ಓಡಿ ಬಂದ. "ಆಯೀ, ಇಲ್ಲಿ ಕುಂದ್ರಂಗಿಲ್ಲ. ಏಳ್ರಿ."

"ಆ ಬೋರ್ಡಿಗೆ ಏನಂತ ಬರದಾರೋ?"

"ಚಪ್ಪಲಿ ಇಲ್ಲಿ ಬಿಡ್ರಿ ಅಂತ."

"ಬಿಡಾಕ ಜಾಗಾ ಐತಿ, ಹಾಕ್ಕೊಳ್ಳಾಕ ಇಲ್ಲೇನ? ಜಲ್ಮೆಲ್ಲಾ ಇಲ್ಲೇ ಬಿಟ್ಟೀನಿ. ಇಲ್ಲೇ ಹಾಕ್ಕೋತೀನಿ. ಸರಿ ಆಕಡೆ, ನೆರಳ ಬೀಳಾಕತ್ತೈತಿ."

ತವನಪ್ಪ ಸರಿದ. ಅವಳ ಪಾದ ಊದಿತ್ತು, ಚಪ್ಪಲಿಯ ಪಟ್ಟಿ ಏರಲಿಲ್ಲ. ಸಪನಾ ಬಗ್ಗಿ ಕೈ ಹಚ್ಚಲು ಹೋದಳು. "ತಗೀ ಕೈ" ಎಂದು ಹೊಡೆದು ಸರಿಸಿದಳು. ತಾನೇ ಒಂದು ಹಾಕಿದಳು, ತಾನೇ ಇನ್ನೊಂದು ಹಾಕಿದಳು. ಎದ್ದು ಪಾವಟಿಗೆ ಇಳಿದು, ಅಂಚು ಬಿಟ್ಟು ರಸ್ತೆಯ ನಡುವೆ ನಡೆದಳು. ಅವಳ ಹಿಂದೆ ನಾವು.

ಬಾಗಿಲು ತೆಗೆದು ಹೇಳು ಎಂದು ನಿನಗೆ ಅಂದಿದ್ದೆ. ಬಾಗಿಲ ಹಿಂದೆ ನೀನೊಬ್ಬಳೇ ಇದ್ದೀಯ ಎನ್ನುವುದನ್ನು ಆಗ ಯೋಚಿಸಲಿಲ್ಲ. ನಿನ್ನ ಊರಿನಲ್ಲಿಯೂ ರಸ್ತೆ ಇದೆ, ನಿನ್ನಂಥವರು ಇನ್ನೂ ಇರಬೇಕು. ಹುಡುಕು. ನಮ್ಮಲ್ಲಿ ಬೋರ್ಡು ಇನ್ನೂ ಬಿದ್ದಿಲ್ಲ. ಸಪನಾಗೆ ಕೆಲಸವೂ ಇಲ್ಲ. ಆದರೆ ಈ ಭಾನುವಾರವೂ ಅವಳು ಅಲ್ಲಿ ನಿಲ್ಲುತ್ತಾಳೆ, ನಾವೂ ಹೋಗುತ್ತೇವೆ.

ಮನೆಯ ದಾರಿಯಲ್ಲಿ ನನ್ನವ್ವ ಕುಂಟತೊಡಗಿದಳು. "ಕಚ್ಚಾಕತ್ತಾವ ಬೇ ಈ ಸುಡುಗಾಡು ಚಪ್ಪಲಿ" ಎಂದಳು. ವಾಡೆ ಹಿಂದೆ ಬಿದ್ದಿತ್ತು, ಸುತ್ತ ನಮ್ಮವರೇ ಇದ್ದರು. "ಹಂಗಾರ ಬಿಚ್ಚವ್ವ, ಕೈಯಾಗ ಹಿಡಕೊಂಡು ನಡಿ" ಎಂದೆ.

ನನ್ನ ಕಡೆ ತಿರುಗಿ ಹುಬ್ಬು ಗಂಟಿಕ್ಕಿದಳು.

"ಮನ್ಯಾಗ ಬಿಚ್ಚತೀನಿ" ಎಂದಳು.

ನಿನ್ನ ಗೆಳತಿ,
ಸುಗಂಧಾ